ಹೊಸ ಟ್ಯಾಂಕು, ಹಳೆಯ ಮುಳ್ಳು

ಜೀರ್ಣೋದ್ಧಾರವು ಪುಣ್ಯಕಾರ್ಯವೆಂಬ ಮಾತನ್ನು ಕೇಳದ ಆಸ್ತಿಕರಿಲ್ಲ. ಆದರೆ ಜೀರ್ಣವಾದ ವಸ್ತುವಿನಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು, ಬಿಟ್ಟ ಮೇಲೆ ಉಳಿದದ್ದು ಮೊದಲಿನ ಆ ವಸ್ತುವೇ ಹೌದೇ ಎಂಬ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ದೇವಾಲಯದ ವಿಷಯದಲ್ಲಿ ಹೇಳಲು ಆಗಮಗಳಿವೆ, ಸ್ಥಪತಿಗಳಿದ್ದಾರೆ. ಮನೆಯೊಳಗಿನ ವಸ್ತುಗಳಿಗೆ ಅಂತಹ ಶಾಸ್ತ್ರವಿಲ್ಲ. ಅಜ್ಜಿಯ ಕಾಲದ ಹಿತ್ತಾಳೆಯ ತಪ್ಪಲೆಗೆ ಕಲಾಯಿ ಹಾಕಿಸಿ ತಂದರೆ ಅದು ಅಜ್ಜಿಯ ತಪ್ಪಲೆಯೇ. ತಳ ಸವೆದು ಕಂಚುಗಾರನು ಹೊಸ ತಳವನ್ನು ಕೂಡಿಸಿದರೂ ಅಜ್ಜಿಯ ತಪ್ಪಲೆಯೇ ಎನ್ನುತ್ತೇವೆ. ಅದನ್ನು ತೂಕಕ್ಕೆ ಹಾಕಿ ಅಷ್ಟೇ ತೂಕದ ಹೊಸದನ್ನು ತಂದರೆ ಮಾತ್ರ ಹಾಗೆನ್ನಲು ನಾಲಗೆ ಏಳುವುದಿಲ್ಲ. ಹಾಗಾದರೆ ಗೆರೆ ಬಿದ್ದದ್ದೆಲ್ಲಿ? ತಳದಲ್ಲೋ, ಕಂಠದಲ್ಲೋ? ಈ ಪ್ರಶ್ನೆಯನ್ನೇ ಈ ಬಾರಿ ಹಳೆಯ ಕಾರೊಂದರ ಪೆಟ್ರೋಲ್ ಟ್ಯಾಂಕಿನ ನಿಮಿತ್ತವಾಗಿ ವಿಚಾರಿಸಲು ಬಯಸುತ್ತೇವೆ. ಕಾರಿನ ಮಾತು ಮಠದ ಪತ್ರಿಕೆಯಲ್ಲೇಕೆ ಎಂದು ಹುಬ್ಬೇರಿಸುವ ವಾಚಕರಿಗೆ ನಮ್ಮ ಉತ್ತರವಿಷ್ಟೇ: ರಥವನ್ನು ಮುಂದಿಟ್ಟುಕೊಂಡು ತತ್ತ್ವವನ್ನು ವಿಚಾರಿಸುವುದು ಕಠೋಪನಿಷತ್ತಿನ ಕಾಲದಿಂದಲೂ ಈ ದೇಶದಲ್ಲಿ ನಡೆದುಬಂದ ಪದ್ಧತಿ.

ವಿಚಾರಕ್ಕೆ ನೆಲೆಯಾದ ಸುಲ್ತಾನ್ ಬಜಾರ್ ಸಹ ಇಂಥದೇ ಪ್ರಶ್ನೆಯನ್ನು ಹೊತ್ತು ನಿಂತಿರುವ ಸ್ಥಳ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜೇಮ್ಸ್ ಅಕಿಲಿಸ್ ಕಿರ್ಕ್‌ಪ್ಯಾಟ್ರಿಕ್ ಎಂಬ ಆಂಗ್ಲ ಅಧಿಕಾರಿ ಮೂಸಿ ನದಿಯ ಉತ್ತರದ ದಡದಲ್ಲಿ ರೆಸಿಡೆನ್ಸಿಯ ಭವ್ಯ ಕಟ್ಟಡವನ್ನು ಕಟ್ಟಿಸಿದ. ಅದರ ನೆರಳಿನಲ್ಲಿ ಬೆಳೆದ ಪೇಟೆಗೆ ರೆಸಿಡೆನ್ಸಿ ಬಜಾರ್ ಎಂದು ಹೆಸರಾಯಿತು. 1933ರಲ್ಲಿ ಪೇಟೆಯು ನಿಜಾಮರ ಆಡಳಿತಕ್ಕೆ ಮರಳಿ ಸುಲ್ತಾನ್ ಬಜಾರ್ ಎಂಬ ಹೆಸರನ್ನು ಪಡೆಯಿತು. ರೆಸಿಡೆನ್ಸಿಯ ಆವರಣವು ಸ್ವಾತಂತ್ರ್ಯದ ನಂತರ ಹೆಣ್ಣುಮಕ್ಕಳ ಕಾಲೇಜಾಯಿತು. 2020ರ ಫೆಬ್ರವರಿ 7ರಿಂದ ಮೆಟ್ರೋ ರೈಲು ಬಜಾರಿನ ನೆತ್ತಿಯ ಮೇಲೆ ಓಡುತ್ತಿದೆ. ಹೆಸರು ಹೋಯಿತು, ಒಡೆಯರು ಹೋದರು, ಅಂಗಡಿಯ ಮುಂಗಟ್ಟುಗಳು ಹೋದವು. ಆದರೂ ಸೀರೆ ತರಲು ಹೋಗುವ ಗೃಹಿಣಿಯು ತನ್ನ ಅತ್ತೆ ಹೋಗುತ್ತಿದ್ದ ಬಜಾರಿಗೇ ಹೋಗುತ್ತಾಳೆ. ಇಲ್ಲಿಯೂ ಸಮೀಪದ ಕಾಚಿಗುಡದಲ್ಲಿಯೂ ನೆಲೆಸಿದ ನಮ್ಮವರ ಸ್ಥಿತಿಯೂ ಹಾಗೆಯೇ. ರಾಯಚೂರು, ಗುಲ್ಬರ್ಗಾ ಕಡೆಯ ಹಿರಿಯರು ಓದಿಗಾಗಿ, ಉದ್ಯೋಗಕ್ಕಾಗಿ ಇಲ್ಲಿಗೆ ಬಂದಾಗ ಬೇರೆ ರಾಜ್ಯಕ್ಕೆ ಬಂದವರಲ್ಲ. ತಮ್ಮ ರಾಜ್ಯದ ರಾಜಧಾನಿಗೇ ಬಂದವರು. 1956ರ ನವೆಂಬರ್ 1ರಂದು ಅವರು ಕುಳಿತಲ್ಲೇ ಕುಳಿತಿದ್ದರು, ಗಡಿಯೇ ಅವರನ್ನು ದಾಟಿಹೋಯಿತು. ಅಂದಿನಿಂದ ಅವರಿಗೆ ಹೊರನಾಡಿಗರೆಂಬ ಹೆಸರು!

ಅಂಥದೊಂದು ಮನೆತನದಲ್ಲಿ, ಬಜಾರಿನ ಹಿಂದಿನ ಗಲ್ಲಿಯಲ್ಲಿ, ಒಂದು ಮಾರಿಸ್ ಮೈನರ್ ಕಾರು ಇದೆ. ಮನೆಯ ಯಜಮಾನರು ದಶಕಗಳ ಹಿಂದೆ ಯಾರಿಂದಲೋ ಹಳೆಯದನ್ನು ಕೊಂಡು, ತಾವು ಇರುವವರೆಗೂ ತಾವೇ ನಡೆಸಿದರು. ಈ ಕಾರನ್ನು ರೂಪಿಸಿದವನು ಅಲೆಕ್ ಇಸಿಗೋನಿಸ್; 1948ರಲ್ಲಿ ಮಾರುಕಟ್ಟೆಗೆ ಬಂದದ್ದು 1960ರ ಡಿಸೆಂಬರ್ ಹೊತ್ತಿಗೆ ಹತ್ತು ಲಕ್ಷದ ಗಡಿಯನ್ನು ಮುಟ್ಟಿತ್ತು. ನಮ್ಮ ದೇಶದಲ್ಲಿಯೂ ಹಿಂದುಸ್ತಾನ್ ಮೋಟಾರ್ಸ್ ಕಂಪನಿಯವರು 1950ರ ದಶಕದಲ್ಲಿ ಕೆಲವು ಕಾಲ ಇದನ್ನು ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಿಂದ ಮಾರಿದರು. ಹಿಂಬದಿಯ ಸಾಮಾನು ಪೆಟ್ಟಿಗೆಯ ನೆಲದಡಿಯಲ್ಲಿ ಚಪ್ಪಟೆಯಾಗಿ ಮಲಗಿದ ಟ್ಯಾಂಕು. ಮುಂದೆ ಎಂಜಿನ್ನಿನ ಬಳಿ ವಿದ್ಯುತ್ತಿನಿಂದ ನಡೆಯುವ ಎಸ್.ಯು. ಪಂಪು. ಕೀಲಿ ತಿರುವಿದೊಡನೆ ಪಂಪು ‘ಟಿಕ್ ಟಿಕ್’ ಎಂದು ಎಣಿಸಿ, ತನ್ನ ಪಾತ್ರೆ ತುಂಬಿದೊಡನೆ ಸುಮ್ಮನಾಗುತ್ತದೆ. ಯಜಮಾನರು ಆ ಸದ್ದಿನಿಂದಲೇ ಟ್ಯಾಂಕಿನ ಸ್ಥಿತಿಯನ್ನು ಹೇಳುತ್ತಿದ್ದರೆಂದು ಮನೆಯವರು ನೆನೆಯುತ್ತಾರೆ.

ಆ ಟ್ಯಾಂಕು ಈಗ ತುಕ್ಕು ಹಿಡಿದು ಸೋರತೊಡಗಿತು. ಹಿರಿಯ ಮಗನ ಅಭಿಪ್ರಾಯದಂತೆ ಅದನ್ನು ಬೆಸುಗೆ ಹಾಕಿಸಿ ಹೇಗಾದರೂ ಉಳಿಸಬೇಕು. ತಂದೆಯವರ ಕಾರಿನಲ್ಲಿ ತಂದೆಯವರದಲ್ಲದ ವಸ್ತು ಸೇರಬಾರದು. ಕಿರಿಯನ ಅಭಿಪ್ರಾಯದಂತೆ ಟ್ಯಾಂಕು ಮಾತ್ರವಲ್ಲ, ಅದಕ್ಕೆ ಸೇರಿದ ಮುಚ್ಚಳ, ಕೊಳವೆ, ಮಟ್ಟಸೂಚಕ, ತಿರುಪು ಎಲ್ಲವನ್ನೂ ಹೊಸದಾಗಿ ತರಿಸಿ ಹಳೆಯದರ ಕಾಟವನ್ನು ಒಮ್ಮೆಗೇ ಕಳೆದುಕೊಳ್ಳಬೇಕು. ಈ ನಡುವೆ ಹಳೆಯ ಕಾರುಗಳನ್ನು ಸಂಗ್ರಹಿಸುವವರೊಬ್ಬರು ಒಳ್ಳೆಯ ಬೆಲೆಗೆ ಕೇಳಿದ್ದರು. ‘ಎಲ್ಲವೂ ಮೂಲದ್ದೇ ಆಗಿದ್ದರೆ’ ಎಂಬುದು ಅವರ ಕರಾರು. ಮೂವರ ಮಾತನ್ನೂ ಕೇಳುತ್ತಿದ್ದ ಹಿರಿಯ ಸೊಸೆ ಒಂದೇ ಮಾತನ್ನು ಹೇಳಿದರು: “ಮಕ್ಕಳು ಹಿಂದೆ ಕುಳಿತಾಗ ಪೆಟ್ರೋಲಿನ ವಾಸನೆ ಬರುತ್ತದೆ.” ಅಣ್ಣತಮ್ಮಂದಿರು ಕಾರಿನ ಹೆಸರು ತೆಗೆಯದೆ ಊಟಕ್ಕೆ ಕೂಡಲಾರದ ಹಂತಕ್ಕೆ ಮಾತು ಬಂದಾಗ ಪ್ರಶ್ನೆಯು ನಮ್ಮವರೆಗೆ ಬಂದಿತು. ನಮ್ಮ ಪರಿಚಿತರಾದ ವಯಸ್ಸಾದ ಮೆಕ್ಯಾನಿಕರೊಬ್ಬರನ್ನೂ ವಿಚಾರದಲ್ಲಿ ಸೇರಿಸಿಕೊಂಡೆವು. ತರ್ಕವು ನಮ್ಮ ಪಾಲಿಗಿರಲಿ, ಪ್ರತ್ಯಕ್ಷಪ್ರಮಾಣವು ಅವರ ಪಾಲಿಗಿರಲಿ ಎಂದು.

ಇಲ್ಲಿ ಮೊದಲು ಎದುರಾಗುವ ಪೂರ್ವಪಕ್ಷವು ಬಲು ಹಳೆಯದು. ಬಿಡಿಭಾಗಗಳನ್ನು ಬಿಟ್ಟರೆ ರಥವೆಂಬುದೇ ಇಲ್ಲ, ರಥವೆಂಬುದು ವ್ಯವಹಾರದ ಹೆಸರು ಮಾತ್ರ ಎಂದು ನಾಗಸೇನನೆಂಬ ಬೌದ್ಧ ಭಿಕ್ಷುವು ಯವನರಾಜನಾದ ಮಿಲಿಂದನಿಗೆ ಹೇಳಿದ್ದುಂಟು. ಇದನ್ನು ಒಪ್ಪಿದರೆ ನಮ್ಮ ಸಹೋದರರ ಜಗಳವು ತೀರಿಹೋಗುತ್ತದೆ. ಕಾರೇ ಇಲ್ಲದಿರುವಾಗ ತಂದೆಯ ಕಾರೆಲ್ಲಿಂದ ಬಂತು? ನೈಯಾಯಿಕರ ದಾರಿ ಬೇರೆ. ಅವಯವಗಳಿಂದ ಹುಟ್ಟಿದ ಅವಯವಿಯು ಸತ್ಯವಾದ ವಸ್ತುವೇ ಹೌದು. ಆದರೆ ಒಂದು ಅವಯವವು ತೊಲಗಿದೊಡನೆ ಆ ಅವಯವಿಯು ನಾಶವಾಗಿ ಮತ್ತೊಂದು ಹುಟ್ಟುತ್ತದೆ. ಬಟ್ಟೆಯಿಂದ ಒಂದು ನೂಲನ್ನು ಎಳೆದರೆ ಉಳಿಯುವುದು ಖಂಡಪಟವೆಂಬ ಬೇರೊಂದು ಬಟ್ಟೆ. ಹೀಗಾದರೆ ಒಂದು ತಿರುಪನ್ನು ಬದಲಿಸಿದ ದಿನವೇ ತಂದೆಯ ಕಾರು ಹೋಗಿರಬೇಕು. ಯಜಮಾನರು ತಮ್ಮ ಕಾಲದಲ್ಲೇ ಚಕ್ರದ ರಬ್ಬರನ್ನು ಎಷ್ಟು ಬಾರಿ ಬದಲಿಸಿದ್ದರೋ!

ನಮ್ಮವರು ಇಂತಹ ಸ್ಥಳಗಳಲ್ಲಿ ಅನುಭವವನ್ನು ಕೈಬಿಡುವುದಿಲ್ಲ. ‘ಅದೇ ಈ ದೇವದತ್ತ’ ಎಂಬ ಪ್ರತ್ಯಭಿಜ್ಞೆಗೆ ಬಾಧಕವು ಬರುವವರೆಗೆ ಅದನ್ನು ಭ್ರಮೆಯೆನ್ನಲು ಕಾರಣವಿಲ್ಲ. ದ್ರವ್ಯ, ಗುಣ ಮೊದಲಾದ ಹತ್ತು ಪದಾರ್ಥಗಳನ್ನು ಎಣಿಸುವಾಗ ‘ಅಂಶಿ’ಯನ್ನು ಪ್ರತ್ಯೇಕವಾಗಿ ಎಣಿಸಿರುವುದು ವಾಚಕರಿಗೆ ತಿಳಿದೇ ಇದೆ, ಅಂಶಗಳನ್ನು ರಾಶಿ ಹಾಕಿದ ಮಾತ್ರಕ್ಕೆ ಅಂಶಿಯಾಗುವುದಿಲ್ಲ. ಕಾರಿನ ಎಲ್ಲ ಭಾಗಗಳನ್ನೂ ಬಿಚ್ಚಿ ಅಂಗಳದಲ್ಲಿ ಹರಡಿದರೆ ಒಂದೂ ಕಡಿಮೆಯಾಗಿರುವುದಿಲ್ಲ, ಆದರೆ ಅದರಲ್ಲಿ ಕುಳಿತು ಯಾರೂ ಕಾಚಿಗುಡದ ನಿಲ್ದಾಣಕ್ಕೆ ಹೋಗಲಾರರು. ಹೀಗಿರಲು ಒಂದು ಟ್ಯಾಂಕು ಹೋದರೆ ಕಾರೇ ಹೋಯಿತೆಂಬ ಹಿರಿಯನ ಭಯವು ನಿರಾಧಾರ.

ಆದರೆ ಇಷ್ಟರಿಂದ ಕಿರಿಯನು ಗೆದ್ದನೆಂದು ತಿಳಿಯಬಾರದು. ಒಂದು ಭಾಗವು ಹೋದರೂ ವಸ್ತುವು ಅದೇ ಆಗಿ ಉಳಿಯಬಹುದು ಎಂದೆವೇ ಹೊರತು ಯಾವ ಭಾಗವು ಹೋದರೂ ಸಮವೇ ಎಂದು ಹೇಳಲಿಲ್ಲ. ಎರಡು ವರ್ಷಗಳಿಗೊಮ್ಮೆ ಉಡುಪಿಯಲ್ಲಿ ಪರ್ಯಾಯವು ನಡೆಯುವಾಗ ಒಬ್ಬ ಯತಿಗಳ ಕೈಯಿಂದ ಇನ್ನೊಬ್ಬರ ಕೈಗೆ ಬರುವುದು ಅಕ್ಷಯಪಾತ್ರೆ ಮತ್ತು ಸಟ್ಟುಗ. ಅಡಿಗೆಮನೆಯ ಕೊಪ್ಪರಿಗೆಗಳೆಲ್ಲ ಹಿಂದಿನವೇ ಆಗಿರಬೇಕೆಂದು ಯಾರೂ ಕೇಳುವುದಿಲ್ಲ. ಸಟ್ಟುಗವನ್ನು ಮಾತ್ರ ಪ್ರತಿ ಬಾರಿಯೂ ಹೊಸದಾಗಿ ಮಾಡಿಸೋಣವೆಂದೂ ಯಾರೂ ಹೇಳುವುದಿಲ್ಲ. ಪವಿತ್ರ ವಸ್ತುವನ್ನು ಕಾರಿನ ಕಬ್ಬಿಣದೊಡನೆ ಹೋಲಿಸುವ ಧಾರ್ಷ್ಟ್ಯ ನಮ್ಮದಲ್ಲ. ಭಾಗಗಳಲ್ಲಿ ತಾರತಮ್ಯವಿದೆಯೆಂಬ ಅಂಶವನ್ನಷ್ಟೇ ಅಲ್ಲಿಂದ ತೆಗೆದುಕೊಳ್ಳುತ್ತೇವೆ. ತಾರತಮ್ಯವನ್ನು ಅರಿಯಬೇಕಾದರೆ ಒಂದೊಂದು ಭಾಗವನ್ನೂ ಕೈಯಲ್ಲಿ ಹಿಡಿದು ‘ನೀನು ಮಾಡುವ ಕೆಲಸವೇನು?’ ಎಂದು ಕೇಳಬೇಕಾಗುತ್ತದೆ.

ಟ್ಯಾಂಕಿನ ಕೆಲಸವು ಧರಿಸುವುದು. ಈ ಕಾರಿನ ಮೊದಲ ಮಾದರಿಗಳಲ್ಲಿ 5 ಗ್ಯಾಲನ್, 1957ರಿಂದೀಚೆಗೆ ಆರೂವರೆ ಗ್ಯಾಲನ್, ಅಂದರೆ ಸುಮಾರು 29 ಲೀಟರು. ಉಕ್ಕಿನ ತಗಡಿಗೆ ಸೀಸ ಮತ್ತು ತವರದ ಲೇಪವನ್ನು ಕೊಟ್ಟು ಇಂಥ ಟ್ಯಾಂಕುಗಳನ್ನು ಮಾಡುತ್ತಿದ್ದರು. ಅರೆಬರೆ ತುಂಬಿ ನಿಂತ ಟ್ಯಾಂಕಿನೊಳಗಿನ ಗಾಳಿಯಲ್ಲಿ ತೇವವಿರುತ್ತದೆ. ರಾತ್ರಿಯ ತಂಪಿಗೆ ಅದು ಹನಿಗಟ್ಟಿ, ಪೆಟ್ರೋಲಿಗಿಂತ ಭಾರವಾದುದರಿಂದ ತಳಕ್ಕಿಳಿದು ಅಲ್ಲಿಯೇ ಕುಳಿತು ಕೊರೆಯುತ್ತದೆ. ಮೇಲಿನಿಂದ ಸಾಮಾನು ಪೆಟ್ಟಿಗೆಗೆ ಸೋರಿದ ಮಳೆನೀರೂ ಧೂಳೂ ಅಂಚಿನಲ್ಲಿ ಕೆಸರಾಗಿ ಹೊರಗಿನಿಂದ ಕೊರೆಯುತ್ತವೆ. ಓಡಾಡುವ ಕಾರಿಗಿಂತ ನಿಂತ ಕಾರಿನ ಟ್ಯಾಂಕು ಬೇಗ ಕೆಡುವುದು ಇದರಿಂದಲೇ. ಬಳಕೆಯೇ ರಕ್ಷಣೆಯಾಗಿರುವ ವಸ್ತುಗಳಲ್ಲಿ ಇದೂ ಒಂದು.

ಇದಕ್ಕೆ ಕಾಲದ ಮಹಿಮೆಯೊಂದು ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ದೇಶದ ತುಂಬ ಅದೇ ಸಾಮಾನ್ಯವಾಯಿತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಹಳೆಯ ಟ್ಯಾಂಕಿನ ಗೋಡೆಗಂಟಿದ ಅರಗಿನಂತಹ ಜಿಡ್ಡನ್ನು ಅದು ಕರಗಿಸಿ ಸೋಸಣಿಗೆಗೆ ಒಯ್ಯುತ್ತದೆ. ಆ ಕಾಲದ ರಬ್ಬರನ್ನೂ ಬೆಂಡನ್ನೂ ಮೆತ್ತಗೆ ಮಾಡುತ್ತದೆ. ಸೋರುವ ಟ್ಯಾಂಕಿನ ಒಳಗೆ ಹಚ್ಚುವ ಲೇಪಗಳಲ್ಲಿ ಕೆಲವನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಇಸಿಗೋನಿಸನ ಲೆಕ್ಕದಲ್ಲಿ ಇದ್ಯಾವುದೂ ಇರಲಿಲ್ಲ. ಆದುದರಿಂದ ‘ತಂದೆಯವರ ಕಾಲದಲ್ಲಿ ನಡೆದದ್ದು ಈಗಲೂ ನಡೆಯುತ್ತದೆ’ ಎಂಬ ವಾದವು ಇಲ್ಲಿ ಸಲ್ಲದು. ತಂದೆಯವರು ಸುರಿದ ಪೆಟ್ರೋಲೇ ಈಗ ಇಲ್ಲ.

ಇನ್ನು ಬೆಸುಗೆಯ ಮಾತು. ಈ ವಿಷಯದಲ್ಲಿ ಮೆಕ್ಯಾನಿಕರು ತೋರಿದ ಕಠೋರತೆಯನ್ನು ನಾವು ಹಾಗೆಯೇ ಇಲ್ಲಿ ದಾಖಲಿಸುತ್ತೇವೆ. ಪೆಟ್ರೋಲು ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕೇ ಹೆಚ್ಚು ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲಿನ ಆವಿಯು ಶೇಕಡಾ 1.4ರಿಂದ 7.6ರವರೆಗೆ ಬೆರೆತಿದ್ದರೆ ಒಂದು ಕಿಡಿಯಿಂದ ಸ್ಫೋಟವಾಗುತ್ತದೆ. ಒಳಗೆ ಹನಿಯೂ ಇಲ್ಲವೆಂದು ತೋರಿದರೂ ಮಡಿಕೆಗಳಲ್ಲಿ, ತುಕ್ಕಿನ ಪದರಗಳಲ್ಲಿ ಅಡಗಿದ ಅಂಶವೇ ಇಷ್ಟು ಆವಿಗೆ ಸಾಕು. ಕುದಿನೀರಿನಲ್ಲಿ ಪದೇಪದೇ ತೊಳೆದು, ಆವಿಯನ್ನು ಹೊರಹಾಕುವ ಕ್ರಮವನ್ನು ಬಲ್ಲ ಕುಶಲಿಗಳು ಮಾತ್ರ ಈ ಕೆಲಸಕ್ಕೆ ಕೈಹಾಕಬೇಕು. ಗಲ್ಲಿಯ ಬೆಸುಗೆಯವನಿಗೆ ಹಳೆಯ ಟ್ಯಾಂಕನ್ನು ಒಯ್ದು ಕೊಡುವುದು ಆ ಬಡವನ ಪ್ರಾಣದೊಡನೆ ಆಡುವ ಆಟ. ಪಿತೃಭಕ್ತಿಯ ಹೆಸರಿನಲ್ಲಿ ಮತ್ತೊಬ್ಬರ ಮಗನನ್ನು ಬೆಂಕಿಯ ಮುಂದೆ ನಿಲ್ಲಿಸುವುದು ಯಾವ ಧರ್ಮ? ತಗಡೇ ಕಾಗದದಂತೆ ಸವೆದಿದ್ದ ಈ ಟ್ಯಾಂಕಿನ ವಿಷಯದಲ್ಲಿ ಅವರ ತೀರ್ಪು ಒಂದೇ ಆಗಿತ್ತು, ಬದಲಿಸಬೇಕು. ಹಿರಿಯನು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಟ್ಯಾಂಕನ್ನು ಕಳಚಿ ಹೊರಗಿಟ್ಟ ಮೇಲೆ ವಿಚಾರವು ನಿಜವಾಗಿ ಸ್ವಾರಸ್ಯಕ್ಕೆ ಬಂದಿತು. ಅದಕ್ಕೆ ಸೇರಿದ ಸಣ್ಣಪುಟ್ಟ ಭಾಗಗಳನ್ನೆಲ್ಲ ಒಂದು ಹಳೆಯ ಪಂಚೆಯ ಮೇಲೆ ಸಾಲಾಗಿ ಇಡಲಾಯಿತು. ಅವುಗಳ ನಡುವೆ ಮೆಕ್ಯಾನಿಕರು ಸೆಂಡರ್ ಎನ್ನುವ ಮಟ್ಟಸೂಚಕವಿತ್ತು. ಅದರ ರಚನೆ ಸರಳ. ಒಂದು ತೋಳಿನ ತುದಿಯಲ್ಲಿ ಹಿತ್ತಾಳೆಯ ಟೊಳ್ಳು ತೇಲುಬುರುಡೆ. ಪೆಟ್ರೋಲು ಏರಿದಂತೆ ಬುರುಡೆ ಏರುತ್ತದೆ, ಇಳಿದಂತೆ ಇಳಿಯುತ್ತದೆ. ತೋಳಿನ ಇನ್ನೊಂದು ತುದಿಯು ಸೂಕ್ಷ್ಮವಾದ ತಂತಿಯ ಸುರುಳಿಯ ಮೇಲೆ ಸವರುತ್ತ ಹೋಗಿ, ವಿದ್ಯುತ್ತಿಗೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತಡೆಯನ್ನು ಒಡ್ಡುತ್ತದೆ. ಆ ತಡೆಯನ್ನು ಓದಿಕೊಂಡು ಚಾಲಕನ ಮುಂದಿನ ಫಲಕದಲ್ಲಿ ಮುಳ್ಳು ಚಲಿಸುತ್ತದೆ.

ಕಿರಿಯನು ಹೊಸ ಮಟ್ಟಸೂಚಕವನ್ನು ಆಗಲೇ ತರಿಸಿದ್ದನು. ರಂಧ್ರಕ್ಕೆ ಸರಿಯಾಗಿ ಕೂಡುತ್ತಿತ್ತು, ಹೊಳೆಯುತ್ತಿತ್ತು. ಅದನ್ನು ತಂತಿಗೆ ತಗುಲಿಸಿ ಕೈಯಿಂದ ಬುರುಡೆಯನ್ನು ಏರಿಸಿ ನೋಡಿದಾಗ ಪೂರ್ತಿ ಏರಿದರೂ ಮುಳ್ಳು ಮುಕ್ಕಾಲನ್ನು ದಾಟಲಿಲ್ಲ. ನಡುವೆ ಇಟ್ಟರೆ ಕಾಲಿನ ಬಳಿ ತೂಗಾಡಿತು. ಹಳೆಯದನ್ನು ಒರೆಸಿ ತಗುಲಿಸಿದರೆ ಮುಳ್ಳು ತುಂಬಿದಲ್ಲಿ ತುಂಬಿತೆಂದೂ ಅರ್ಧದಲ್ಲಿ ಅರ್ಧವೆಂದೂ ಹೇಳಿತು. ಇದರಲ್ಲಿ ಪವಾಡವೇನೂ ಇಲ್ಲ. ಮುಳ್ಳನ್ನು ಚಲಿಸುವ ಯಂತ್ರದಲ್ಲಿ ಎರಡು ಜಾತಿಗಳುಂಟು. ಮೊದಲಿನವು ಸುರುಳಿಗಳ ಅಯಸ್ಕಾಂತ ಬಲದಿಂದಲೂ 1960ರ ದಶಕದ ನಡುವಿನಿಂದ ಬಂದವು ಕಾಯುವ ಲೋಹದ ಪಟ್ಟಿಯಿಂದಲೂ ನಡೆಯುತ್ತವೆ. ಒಂದಕ್ಕೆ ಹೊಂದುವ ಮಟ್ಟಸೂಚಕವು ಇನ್ನೊಂದಕ್ಕೆ ಹೊಂದುವುದಿಲ್ಲ. ಈಚೆಗೆ ತಯಾರಾಗುವ ಪ್ರತಿಕೃತಿಗಳು ಎರಡಕ್ಕೂ ಸರಿಹೋಗಲೆಂದು ಹೊರಟು ಯಾವುದಕ್ಕೂ ಪೂರ್ತಿ ಸರಿಹೋಗದಿರುವುದು ಹಳೆಯ ಕಾರಿನವರ ನಿತ್ಯದ ಅಳಲು.

ನಮ್ಮ ಪ್ರಶ್ನೆಗೆ ಇಲ್ಲಿ ಬೆಳಕು ದೊರೆಯಿತೆಂದು ನಮಗೆ ತೋರುತ್ತದೆ. ಟ್ಯಾಂಕು ಧರಿಸುವ ಭಾಗ. ಅದೇ ಅಳತೆಯ ಇನ್ನೊಂದು ಟ್ಯಾಂಕು ಅಷ್ಟೇ ಚೆನ್ನಾಗಿ ಧರಿಸುತ್ತದೆ. ಮಟ್ಟಸೂಚಕವು ಹೇಳುವ ಭಾಗ. ಅದರ ಪ್ರಾಮಾಣ್ಯವು ಅದರೊಳಗಷ್ಟೇ ಇಲ್ಲ, ಕೇಳುವ ಮುಳ್ಳಿನೊಡನೆ ಅದಕ್ಕಿರುವ ಸಂಬಂಧದಲ್ಲಿದೆ. ಹಳೆಯದೆಂಬ ಕಾರಣಕ್ಕಾಗಿ ಅದನ್ನು ಉಳಿಸಬೇಕೆಂದು ಹಿರಿಯನು ಹೇಳಿದ್ದರೆ ಅದು ಮೋಹವಾಗುತ್ತಿತ್ತು. ಹಳೆಯದೆಂಬ ಕಾರಣಕ್ಕಾಗಿ ಎಸೆಯಬೇಕೆಂದು ಕಿರಿಯನು ಹೇಳಿದ್ದೂ ಮೋಹವೇ, ಹೊಸತಿನ ಮೋಹ. ವಯಸ್ಸನ್ನು ಎರಡೂ ಕಡೆಯಿಂದ ಹೇತುವಾಗಿ ಎತ್ತಲಾಗಿತ್ತು. ಅದು ಎರಡೂ ಕಡೆಯಲ್ಲಿ ಹೇತ್ವಾಭಾಸ. ಮೂಲದ ಮುಳ್ಳಿಗೆ ಮೂಲದ ಮಟ್ಟಸೂಚಕವೇ ಸತ್ಯವನ್ನು ಹೇಳುತ್ತದೆಯಾದುದರಿಂದ ಅದನ್ನು ಉಳಿಸಬೇಕು. ಹಿತ್ತಾಳೆಯ ಬುರುಡೆಯನ್ನು ಬಿಸಿನೀರಿನಲ್ಲಿ ಮುಳುಗಿಸಿದಾಗ ಒಂದು ಕಡೆಯಿಂದ ಗುಳ್ಳೆಯೆದ್ದಿತು. ಸೂಜಿಯ ಮೊನೆಯಷ್ಟು ರಂಧ್ರ. ಒಳಗೆ ಸೇರಿದ್ದ ಪೆಟ್ರೋಲನ್ನು ಪೂರ್ತಿಯಾಗಿ ಹೊರಹಾಕಿ, ತೊಳೆದು ಒಣಗಿಸಿದ ಮೇಲೆ ಒಂದು ಹನಿ ಬೆಸುಗೆಯಿಂದ ಅದು ಮುಚ್ಚಿತು. ಟ್ಯಾಂಕಿಗೆ ಸಲ್ಲದ ಬೆಸುಗೆಯು ಬುರುಡೆಗೆ ಸಂದಿತೆಂಬುದನ್ನು ಹಿರಿಯನು ತೃಪ್ತಿಯಿಂದ ಗಮನಿಸಿದನು.

ಇದೇ ರೀತಿಯಲ್ಲಿ ಉಳಿದ ಭಾಗಗಳೂ ತಂತಮ್ಮ ಸ್ಥಾನವನ್ನು ತಾವೇ ಹೇಳಿಕೊಂಡವು. ತಳದಲ್ಲಿದ್ದ ಹಿತ್ತಾಳೆಯ ಬಿರಡೆಯೂ ಕೊಳವೆಯನ್ನು ಬಿಗಿಯುವ ನಟ್ಟೂ ಇಂಚಿನ ಲೆಕ್ಕದ ಥ್ರೆಡ್ಡಿನವು; ಇಂದಿನ ಮಿಲಿಮೀಟರ್ ಲೆಕ್ಕದ ನಟ್ಟನ್ನು ಒತ್ತಾಯದಿಂದ ತಿರುವಿದರೆ ಎರಡೂ ಹಾಳು. ಅವು ಉಳಿದವು. ಮುಚ್ಚಳವೂ ಉಳಿಯಿತು. ಅನೇಕ ಹಳೆಯ ಕಾರುಗಳಲ್ಲಿ ಟ್ಯಾಂಕಿಗೆ ಗಾಳಿಯು ಹೋಗುವ ದಾರಿಯೇ ಮುಚ್ಚಳದ ಸಣ್ಣ ರಂಧ್ರ; ಆ ರಂಧ್ರವಿಲ್ಲದ ಚೆಲುವಾದ ಹೊಸ ಮುಚ್ಚಳವನ್ನು ಹಾಕಿದರೆ ಒಳಗೆ ನಿರ್ವಾತವುಂಟಾಗಿ, ಪೆಟ್ರೋಲು ತುಂಬಿದ್ದರೂ ಕಾರು ನಡುದಾರಿಯಲ್ಲಿ ಉಸಿರುಗಟ್ಟಿ ನಿಲ್ಲುತ್ತದೆ. ಬೆಂಡಿನ ಪಟ್ಟಿ, ನಾರಿನ ಬಳೆ, ರಬ್ಬರಿನ ಕೊಳವೆ ಇವು ಮಾತ್ರ ಉಳಿಯಲಿಲ್ಲ. ಇವುಗಳ ಬಗ್ಗೆ ಹಿರಿಯನು ಮತ್ತೊಮ್ಮೆ ತಕರಾರು ತೆಗೆದನು. ಬಳೆಯು ಎರಡು ಲೋಹಗಳ ನಡುವೆ ಸಿಕ್ಕಿ ನಜ್ಜಾಗುವುದರಿಂದಲೇ ಸೋರುವಿಕೆಯನ್ನು ತಡೆಯುತ್ತದೆ. ಒಮ್ಮೆ ನಜ್ಜಾದದ್ದು ಮತ್ತೊಮ್ಮೆ ನಜ್ಜಾಗಲಾರದು. ತನ್ನನ್ನು ತೆತ್ತು ಮುಗಿಸಿದ ವಸ್ತುವಿನಿಂದ ಇನ್ನೊಮ್ಮೆ ಅದೇ ಸೇವೆಯನ್ನು ಕೇಳುವುದು ನ್ಯಾಯವಲ್ಲ ಎಂದೆವು. ವರ್ಷಕ್ಕೊಮ್ಮೆ ಉಪಾಕರ್ಮದಲ್ಲಿ ಜನಿವಾರವನ್ನು ಬದಲಿಸುವ ಮನೆತನಕ್ಕೆ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ. ಕೊಳವೆಯು ಎಥನಾಲನ್ನು ತಡೆಯಬಲ್ಲ ಜಾತಿಯದೇ ಆಗಬೇಕೆಂಬುದು ಮೆಕ್ಯಾನಿಕರ ಆಜ್ಞೆ.

ಇಲ್ಲಿ ಒಂದು ಶಂಕೆ. ಹಾಗಾದರೆ ಸೋರುವ ಮೂಲದ ಟ್ಯಾಂಕನ್ನು ಉಳಿಸಿಕೊಳ್ಳುವುದು ಎಲ್ಲಿಯೂ ಸರಿಯಲ್ಲವೇ? ಸರಿಯಾಗುವ ಸ್ಥಳವೂ ಉಂಟು. ನಮ್ಮ ಊರಿನ ಚೌಮಹಲ್ಲಾ ಅರಮನೆಯಲ್ಲಿ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ನಿಂತಿದೆ. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರು ಅದನ್ನು ತರಿಸಲು ಹೇಳಿ, ಅದು ಬರುವ ಮೊದಲೇ 1911ರಲ್ಲಿ ತೀರಿಕೊಂಡರು. ಸಿಂಹಾಸನದ ಕಾರೆಂದು ಹೆಸರಾದ ಅದು ಅವರ ಮಗನ ಪಾಲಿಗೆ ಬಂದಿತು. ನೋಡುವುದಕ್ಕಾಗಿ ನಿಂತ ಕಾರಿಗೆ ಪೆಟ್ರೋಲು ಬೇಕಿಲ್ಲ. ಅಲ್ಲಿ ತೂತಾದ ಟ್ಯಾಂಕೂ ಇತಿಹಾಸದ ಸಾಕ್ಷಿಯೇ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಇಟಲಿಯ ಟೂರಿನ್ ನಗರದ ಹೆಸರಿನಲ್ಲಿ ಅಂಗೀಕರಿಸಿದ ಸನ್ನದು ಸಹ ಸಾಧ್ಯವಾದಷ್ಟನ್ನು ಉಳಿಸಿರೆಂದೇ ಬೋಧಿಸುತ್ತದೆ. ಜೊತೆಗೆ ಹೊಸದಾಗಿ ಸೇರಿಸಿದ ಭಾಗವು ಹೊಸದೆಂದು ಗುರುತಿಸುವಂತೆ ಇರಲಿ ಎನ್ನುತ್ತದೆ. ಈ ಎರಡನೆಯ ಮಾತು ನಮಗೆ ಮೊದಲನೆಯದಕ್ಕಿಂತ ಹೆಚ್ಚು ಹಿಡಿಸಿತು. ಮಕ್ಕಳನ್ನು ಕೂರಿಸಿಕೊಂಡು ಓಡುವ ಕಾರಿನ ಧರ್ಮವು ಅರಮನೆಯಲ್ಲಿ ನಿಂತ ಕಾರಿನ ಧರ್ಮಕ್ಕಿಂತ ಬೇರೆ. ಹೊಸದನ್ನು ಹೊಸದೆಂದು ಹೇಳಬೇಕೆಂಬ ಧರ್ಮ ಮಾತ್ರ ಎರಡಕ್ಕೂ ಒಂದೇ.

ಕೊಳ್ಳಬಂದವರ ‘ಮೂಲದ್ದೇ’ ಎಂಬ ಕರಾರು ಇನ್ನೂ ಉಳಿದಿತ್ತು. ಕಾನೂನು ಏನೆನ್ನುತ್ತದೆ ಎಂದು ನೋಡಿದರೆ, 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಐವತ್ತು ವರ್ಷ ದಾಟಿದ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ತಂದಿದೆ. ವಾಹನವು ಮೂಲರೂಪದಲ್ಲಿರಬೇಕು, ಚಾಸಿಸ್, ಮೈಕವಚ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಟ್ಯಾಂಕಿನ ಹೆಸರು ಆ ಮೂರರಲ್ಲಿಲ್ಲ. ಅಂದಮೇಲೆ ಕಾನೂನೂ ಭಾಗಗಳಲ್ಲಿ ತಾರತಮ್ಯವನ್ನು ಒಪ್ಪಿದೆ.

ಇದಕ್ಕಿಂತ ದೊಡ್ಡ ವಿಚಾರಣೆಯು 1990ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ನಡೆದಿತ್ತು. ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು 1929ರಲ್ಲಿಯೂ 1930ರಲ್ಲಿಯೂ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು ಒಬ್ಬರು ಒಂದು ಕೋಟಿ ಪೌಂಡಿಗೆ ಮಾರಲು ಒಪ್ಪಿದ್ದರು. ಇದು ಆ ಕಾರೇ ಅಲ್ಲವೆಂದು ಕೊಳ್ಳುವವರು ಹಿಂದೆಗೆದರು. ನೋಡಿದರೆ ಎಂಜಿನ್, ಮೈ, ಚೌಕಟ್ಟು ಎಲ್ಲವೂ ಕಾಲಕಾಲಕ್ಕೆ ಬದಲಾಗಿ, 1929ರ ಕಬ್ಬಿಣವು ಬೆರಳೆಣಿಕೆಯಷ್ಟು ಮಾತ್ರ ಉಳಿದಿತ್ತು. ಆದರೂ ಈ ಕಾರು ನಡುವೆ ಎಂದೂ ಇಲ್ಲವಾಗಲಿಲ್ಲ, ಒಂದೇ ಬಾಳಿನಲ್ಲಿ ಮಾರ್ಪಾಡಾಗುತ್ತ ಬಂದಿತು, ಈ ಹೆಸರಿಗೆ ಹಕ್ಕು ಹೇಳಬಲ್ಲ ಬೇರೊಂದು ಕಾರೂ ಇಲ್ಲ ಎಂಬ ಕಾರಣಗಳಿಂದ ನ್ಯಾಯಾಧೀಶರಾದ ಆಟನ್ ಅವರು ಇದೇ ಓಲ್ಡ್ ನಂಬರ್ ಒನ್ ಎಂದು ತೀರ್ಪಿತ್ತರು. ಪ್ರತ್ಯಭಿಜ್ಞೆಗೆ ಬಾಧಕವಿಲ್ಲದಿರುವುದನ್ನು ಆಂಗ್ಲ ನ್ಯಾಯಾಲಯವು ತನ್ನ ಭಾಷೆಯಲ್ಲಿ ಹೇಳಿತೆಂದೇ ನಾವು ತಿಳಿಯುತ್ತೇವೆ.

‘ಬೇರೊಂದು ಕಾರಿಲ್ಲ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಗ್ರೀಸಿನ ಅಥೆನ್ಸ್ ನಗರದವರು ಥೀಸಿಯಸ್ ಎಂಬ ವೀರನ ಹಡಗನ್ನು ಹಲಗೆ ಹಲಗೆಯಾಗಿ ಬದಲಿಸುತ್ತ ಕಾಪಾಡಿದರೆಂದು ಪ್ಲುಟಾರ್ಕನು ಬರೆದಿದ್ದಾನೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಹಾಬ್ಸ್ ಎಂಬ ಚಿಂತಕನು ಅದಕ್ಕೊಂದು ಕುತ್ಸಿತ ಪ್ರಶ್ನೆಯನ್ನು ಸೇರಿಸಿದ: ತೆಗೆದ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು ಇನ್ನೊಂದು ಹಡಗನ್ನು ಕಟ್ಟಿದರೆ ಯಾವುದು ಥೀಸಿಯಸನ ಹಡಗು? ಇದು ಕೇವಲ ಬುದ್ಧಿಯ ಕಸರತ್ತೆಂದು ನಾವೂ ಭಾವಿಸಿದ್ದೆವು. ಆದರೆ ಆ ಸಂಗ್ರಾಹಕರು ಮರುದಿನವೇ ಹೇಳಿ ಕಳಿಸಿದರು: ಕಾರು ಬೇಡ, ತೆಗೆದ ಹಳೆಯ ಟ್ಯಾಂಕನ್ನಾದರೂ ಕೊಡಿ, ತಮ್ಮ ಬಳಿಯ ಇನ್ನೊಂದು ಮೈನರಿಗೆ ‘ಮೂಲದ ಟ್ಯಾಂಕು’ ಬೇಕಾಗಿದೆ, ಲೇಪ ಹಚ್ಚಿ ಬಣ್ಣ ಬಳಿದರೆ ಯಾರಿಗೂ ತಿಳಿಯುವುದಿಲ್ಲ.

ಬೆಲೆಯೂ ಕಡಿಮೆಯದಾಗಿರಲಿಲ್ಲ. ಅಲ್ಲಿಯವರೆಗೆ ಯಾವ ಮಾತಿಗೂ ಒಂದಾಗದಿದ್ದ ಅಣ್ಣತಮ್ಮಂದಿರು ಇದಕ್ಕೆ ಒಂದಾದರು. ಸೋರುವುದೆಂದು ತಮ್ಮ ಮಕ್ಕಳಿಗಾಗಿ ತೆಗೆದದ್ದನ್ನು ಇನ್ನೊಬ್ಬರ ಮಕ್ಕಳ ಬೆನ್ನಹಿಂದೆ ಕೂಡಿಸಲು ಕೊಡುವುದಿಲ್ಲವೆಂದರು. ಮಾರುವವನು ಮುಚ್ಚಿಟ್ಟ ದೋಷದ ಪಾಪವು ಮಾರಿದ ಮೇಲೂ ಅವನನ್ನು ಬಿಡುವುದಿಲ್ಲವೆಂಬುದನ್ನು ಅವರಿಗೆ ನಾವು ಹೇಳಿಕೊಡಬೇಕಾಗಲಿಲ್ಲ. ಹಲವು ಬಾರಿ ನೀರು ತುಂಬಿಸಿ ಚೆಲ್ಲಿ, ಆವಿಯೆಲ್ಲ ಹೋದ ಮೇಲೆ, ನೀರು ತುಂಬಿದಂತೆಯೇ ಮೆಕ್ಯಾನಿಕರು ಕೈಯುಳಿಯಿಂದ ಅದರ ಮೇಲ್ಭಾಗವನ್ನು ಅಡ್ಡಲಾಗಿ ಸೀಳಿಬಿಟ್ಟರು. ಆಮೇಲೆ ಅದು ಗುಜರಿಗೆ ಹೋಯಿತು.

ಹೊಸ ಟ್ಯಾಂಕಿಗೆ ಹಳೆಯ ಮಟ್ಟಸೂಚಕವನ್ನು ಕೂಡಿಸಿದ ದಿನ ಇಬ್ಬರೂ ಸೇರಿ ಐದೈದು ಲೀಟರಿನಂತೆ ಅಳೆದು ಸುರಿದು, ಪ್ರತಿ ಸಲವೂ ಮುಳ್ಳು ಎಲ್ಲಿ ನಿಂತಿತೆಂದು ಬರೆದುಕೊಂಡರು. ಆ ಚೀಟಿಯ ಹಿಂಬದಿಯಲ್ಲಿ ಏನೇನು ಹೊಸದು, ಏನೇನು ಮೊದಲಿನದು ಎಂಬ ಪಟ್ಟಿ, ತಾರೀಖು, ಇಬ್ಬರ ರುಜು. ಟ್ಯಾಂಕು, ಕೊಳವೆ, ಬೆಂಡು, ಬಳೆಗಳು ಹೊಸವು. ಮಟ್ಟಸೂಚಕ, ಮುಚ್ಚಳ, ಬಿರಡೆ, ನಟ್ಟು ಮೊದಲಿನವು. ಬುರುಡೆಗೆ ಒಂದು ಬೆಸುಗೆ. ಈ ಚೀಟಿಯು ಈಗ ನೋಂದಣಿ ಪುಸ್ತಕದ ಜೊತೆಯಲ್ಲಿ ಕಾರಿನೊಳಗೇ ಇರುತ್ತದೆ. ಅದರ ಕೊನೆಯ ಸಾಲನ್ನು ಕಿರಿಯನೇ ಸೇರಿಸಿದ್ದಾನೆ: ಮುಳ್ಳು ಸೊನ್ನೆಯನ್ನು ಮುಟ್ಟಿದ ಮೇಲೂ ಟ್ಯಾಂಕಿನಲ್ಲಿ ಮೂರು ಲೀಟರು ಉಳಿದಿರುತ್ತದೆ, ಗಾಬರಿಪಡಬೇಕಾಗಿಲ್ಲ.